ಯಾರೂ ನೋಡದ ಕಣ್ಣು

ಅತ್ತೆ ನನ್ನ ಮುಖ ನೋಡದೆ ಊಟದ ತಟ್ಟೆ ಇಟ್ಟುಹೋಗುತ್ತಿದ್ದರು. ಸಿಟ್ಟೇನಲ್ಲ. ನನ್ನ ಬಲಗಣ್ಣು ಕೆಂಪಾಗಿತ್ತು, ನಮ್ಮೂರು ಹೆಮ್ಮಿಗೆಯಲ್ಲಿ ಆಗ ಮನೆಮನೆಗೂ ಮದ್ರಾಸ್ ಐ ಬಂದಿತ್ತು. ಬೇನೆಯ ಕಣ್ಣನ್ನು ಬರೀ ನೋಡಿದರೂ ಸಾಕು, ಅಂಟುತ್ತದೆ ಎಂಬುದು ನಮ್ಮೂರಿನವರ ನಂಬಿಕೆ.

"ಕಪ್ ಕನ್ನಡಕ ಆಕ್ಕಳವ್ವ. ಈ ಕಡಿಕ್ ತಿರುಗ್‌ಬ್ಯಾಡ," ಎಂದು ಅತ್ತೆ ಕಣ್ಣು ತೊಳೆಯಲು ನಂದಿಬಟ್ಟಲು ಹೂವು ನೆನೆಸಿದ ನೀರನ್ನು ಬಾಗಿಲ ಬಳಿಯೇ ಇಟ್ಟರು.

ನಾನು ರವಿಕೆ ಹೊಲಿದು ಬದುಕುವವಳು. ಬಟ್ಟೆ ತಂದವರು ಹೊಸಿಲಾಚೆಯೇ ನಿಂತು ಮಾತಾಡಿ ಹೋದರು. ನರಸೀಪುರದ ಮೆಡಿಕಲ್ ಸ್ಟೋರಿನವನಂತೂ ನಾನು ಕನ್ನಡಕಕ್ಕೆ ಕೈ ಹಾಕುತ್ತಲೇ ಹಿಂದೆ ಸರಿದ. "ತಗೀಬ್ಯಾಡಿ ಅಕ್ಕ, ಗೊತ್ತಾಯ್ತು!" ಎಂದು ಡ್ರಾಪ್ಸ್ ಕೊಟ್ಟ. ನೋಡದೆ ಏನು ಗೊತ್ತಾಯಿತೋ ಮಹಾರಾಯನಿಗೆ! ಮೈ ಉರಿದುಹೋಯಿತು.

ಊರವರಿಗೆ ಎರಡೂ ಕಣ್ಣು ಗೀಜು ಕಟ್ಟಿ ರೆಪ್ಪೆ ಅಂಟುತ್ತಿತ್ತು. ನನಗೆ ಒಂದೇ ಕಣ್ಣು, ಗೀಜಿನ ಸುಳಿವಿಲ್ಲ. ನೋವು ಮಾತ್ರ ಗುಡ್ಡೆಯ ಒಳಗಿಂದ ಹುಬ್ಬಿಗೆ ಏರುತ್ತಿತ್ತು. ಬಲಗಣ್ಣು ಮುಚ್ಚಿ ಬರೀ ಎಡಗಣ್ಣಿನಿಂದ ಬೆಳಕು ನೋಡಿದರೂ ಬಲಗಣ್ಣೇ ಚುಚ್ಚುತ್ತಿತ್ತು. ಆದರೂ ಹತ್ತು ಜನ ಹೇಳಿದ್ದು ಸರಿಯಿರಬೇಕೆಂದು ಕತ್ತಲಲ್ಲಿ ಕುಳಿತೆ. ಒಂದು ಬೆಳಿಗ್ಗೆ ದಾರ ಪೋಣಿಸಲು ಹೋದರೆ ಸೂಜಿಯೇ ಮಂಜಾಗಿತ್ತು.

ಕನ್ನಡಕ ಕಿತ್ತೆಸೆದೆ. "ಬನ್ನಿ ಅತ್ತೆ, ನೋಡಿ! ಅಂಟುದ್ರೆ ಅಂಟ್ಲಿ!" ಎಂದು ಕಿರುಚಿದೆ.

ಸೆರಗನ್ನು ಮೂಗಿಗೆ ಹಿಡಿದು ಬಂದರು. ನೋಡುತ್ತಿದ್ದಂತೆ ಕೈಯಿಂದ ಸೆರಗು ಜಾರಿತು.

"ಅಯ್ಯೋ ಮಾದೇವ, ಪಾಪೆ ದುಂಡಗಿಲ್ವಲ್ಲವ್ವ. ಒಂದ್ ಕಡೆ ಚೂಪಾಗದೆ."

ಸಿಕ್ಕಿದ ಬಸ್ಸು ಹತ್ತಿ ನಂಜನಗೂಡಿಗೆ ಹೋದೆವು. ಕಣ್ಣಿನ ಡಾಕ್ಟರಮ್ಮ ನನ್ನ ಗದ್ದವನ್ನು ಯಂತ್ರಕ್ಕೆ ಒರಗಿಸಿ, ದಾರದಷ್ಟು ಸಣ್ಣ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಇದು ಮದ್ರಾಸ್ ಐ ಅಲ್ಲ. ಕಣ್ಣೊಳಗೆ, ಮುಂಭಾಗದಲ್ಲಿ ಉರಿಯೂತ. ಪಾಪೆಯ ಸುತ್ತ ಇರೋ ಪರದೆ ಹಿಂದಿನ ಲೆನ್ಸಿಗೆ ಅಂಟ್ಕೊಂಡಿದೆ. ಸುತ್ತಲೂ ಅಂಟಿದ್ರೆ ಒತ್ತಡ ಏರಿ ದೃಷ್ಟಿನೇ ಹೋಗಬಹುದು."

"ಅಂಟಿದ್ದು ಬಿಡ್ತದಾ ಮೇಡಂ?" ಎಂದೆ.

"ಪಾಪೆ ಅಗಲಿಸೋ ಡ್ರಾಪ್ಸ್ ಹಾಕ್ತೀನಿ. ನೋಡೋಣ."

ಹೊರಗೆ ಬೆಂಚಿನ ಮೇಲೆ ಕೂರಿಸಿ ಮತ್ತೆ ಮತ್ತೆ ಡ್ರಾಪ್ಸ್ ಹಾಕಿದರು. ಹೊಲಿಗೆ ಬಿಟ್ಟರೆ ನನಗೆ ಬೇರೆ ವಿದ್ಯೆ ಬಾರದು. ಅತ್ತೆ ನನ್ನ ಕೈ ಬಿಡಲಿಲ್ಲ.

"ಬುಡ್ತಾ? ಏನಾರ ಕಂಡದಾ?" ಎಂದು ಕೇಳುತ್ತಲೇ ಇದ್ದರು. ಸುಮ್ಮನಿರಿ ಎಂದು ರೇಗಿದೆ.

ಡಾಕ್ಟರಮ್ಮ ಮತ್ತೆ ನೋಡಿದರು. ಬಹುಪಾಲು ಬಿಟ್ಟಿತ್ತು; ಕೆಳಗೆ ಒಂದು ಕಡೆ ಮಾತ್ರ ಇನ್ನೂ ಅಂಟಿತ್ತು. ಗಂಟೆಗೊಮ್ಮೆ ಹಾಕಲು ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟರು. ಕೀಲುಬೇನೆ ಇದ್ದವರಿಗೂ ಕಣ್ಣು ಹೀಗಾಗುವುದುಂಟಂತೆ; ಬೆಳಗಿನ ಹೊತ್ತು ಸೊಂಟ ಹಿಡಿಯುತ್ತದೆಯೇ ಎಂದು ವಿಚಾರಿಸಿ ರಕ್ತಪರೀಕ್ಷೆಗೂ ಬರೆದರು.

"ಕೆಂಪು ಹೋಯ್ತು ಅಂತ ನೀವಾಗೇ ನಿಲ್ಲಿಸ್ಬೇಡಿ. ನಾನು ಹೇಳಿದ ಹಾಗೆ ನಿಧಾನವಾಗಿ ಕಮ್ಮಿ ಮಾಡ್ಬೇಕು. ಇದು ಮತ್ತೆ ಬರಬಹುದು, ಬಂದ ದಿನವೇ ಬನ್ನಿ."

ಮಂಜು ಮೆಲ್ಲಗೆ ಕರಗಿತು. ಈಗ ಸೂಜಿಗೆ ನಾನೇ ದಾರ ಪೋಣಿಸುತ್ತೇನೆ. ಕೆಳಗಿನ ಆ ಅಂಟು ಮಾತ್ರ ಹಾಗೇ ಉಳಿದಿದೆ.

ದಿನಾ ಕಾಫಿಗೆ ಮೊದಲು ಅತ್ತೆ ನನ್ನನ್ನು ಬಾಗಿಲ ಬೆಳಕಿಗೆ ಎಳೆದು ನಿಲ್ಲಿಸುತ್ತಾರೆ. "ಕಣ್ ಬುಡವ್ವ," ಎಂದು ಹೆಬ್ಬೆರಳಲ್ಲಿ ರೆಪ್ಪೆ ಎತ್ತಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡುತ್ತಾರೆ. ಅವರು ನೋಡಿ ಮುಗಿಸುವ ತನಕ ನಾನು ಉಸಿರು ಬಿಡುವುದಿಲ್ಲ.