ಶಾರದವ್ವನ ಕೊರಳಲ್ಲಿದ್ದ ಮುಖ

ಶಾರದವ್ವ ನನಗೆ ನೆಗೆಣ್ಣಿ. ಅವಳ ಗಂಡ ಕುಬೇರಪ್ಪನವರು ಹಿರಿಯರು, ನನ್ನ ಮನೆಯವರು ಅವರ ತಮ್ಮ. ಕುಬಿಹಾಳದ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು ನಾವಿಬ್ಬರೂ ಮುದುಕಿಯರಾದೆವು. ಅವಳು ರೊಟ್ಟಿ ಬಡಿಯುವಾಗ ಕೊರಳಿನ ತಾಳಿಗೆ ಪಕ್ಕದ ಬೆಳ್ಳಿ ಬಿಲ್ಲೆ ತಾಗಿ ಟಿಕ್ ಟಿಕ್ ಅನ್ನುತ್ತಿತ್ತು. ಆ ಸಪ್ಪಳದ ಮೇಲೆಯೇ ಅವಳು ಮನೆಯಲ್ಲಿ ಎಲ್ಲಿದ್ದಾಳೆಂದು ನಾನು ಹೇಳುತ್ತಿದ್ದೆ. ಕುಬೇರಪ್ಪನವರು ಹೋದಾಗ ತಾಳಿ ತೆಗೆದರು. ಬಿಲ್ಲೆ ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ.

ಯಾಕೆಂದರೆ ಆ ಬಿಲ್ಲೆಯಲ್ಲಿ ನಂದಾ ಇದ್ದಳು. ಕುಬೇರಪ್ಪನವರ ಮೊದಲ ಹೆಂಡತಿ. ಬಸುರಿ ಇದ್ದಾಗಲೇ ಜ್ವರ ಬಂದು ಸತ್ತವಳು.

ನಮ್ಮ ಕಡೆ ಕೆಲವು ಮನೆಗಳಲ್ಲಿ ಈ ಪದ್ಧತಿ ಇದೆ. ಹೆಂಡತಿ ಸತ್ತ ಗಂಡಸು ಮತ್ತೆ ಮದುವೆಯಾದರೆ, ಸತ್ತವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ಬಂದವಳ ಕೊರಳಿಗೆ ಕಟ್ಟುತ್ತಾರೆ. ಹೊಸ ಸೀರೆ ತಂದರೆ ಮೊದಲು ಆ ಮುಖಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು. ಹೋಳಿಗೆ ಮಾಡಿದರೆ ಮೊದಲ ತುತ್ತು ಅದಕ್ಕೆ. ಹೀಗೆ ಮಾಡದಿದ್ದರೆ ಸತ್ತವಳು ಹಸಿದು ಮನೆಯಲ್ಲೇ ತಿರುಗುತ್ತಾಳೆ, ಬಂದವಳ ಮಕ್ಕಳ ಮೇಲೆ ಕಣ್ಣಿಡುತ್ತಾಳೆ ಅನ್ನುತ್ತಾರೆ.

ಶಾರದವ್ವನ ಮದುವೆ ಗೊತ್ತಾದಾಗ ನಮ್ಮ ಅತ್ತೆ ನಂದಾಳ ಟ್ರಂಕು ತೆರೆದಳಂತೆ. ಸೀರೆಯ ತಳದಲ್ಲಿ, ಅರಿವೆಯಲ್ಲಿ ಸುತ್ತಿದ ಒಂದು ಬೆಳ್ಳಿಯ ಬಿಲ್ಲೆ ಸಿಕ್ಕಿತು. ಅದರ ಮೇಲೆ ಹೆಣ್ಣುಮಗಳೊಬ್ಬಳ ಮುಖ. ಪಕ್ಕಕ್ಕೆ ತಿರುಗಿದ್ದಾಳೆ, ಹಿಂದೆ ತುರುಬು ಕಟ್ಟಿದ್ದಾಳೆ. ಅತ್ತೆ ಬಿಲ್ಲೆಯನ್ನು ಕೆಳಗಿಟ್ಟು ಕೈಮುಗಿದಳಂತೆ.

“ಅಕಿಗೆ ಮೊದಲ ಗೊತ್ತಿತ್ತು,” ಅಂದಳಂತೆ. “ತನ್ನ ಮುಖ ತಾನ ಮಾಡಿಸಿಟ್ಟು ಹೋಗ್ಯಾಳ.”

ಬಿಲ್ಲೆಯನ್ನು ಬಂಗಾರದ ಕೆಲಸದ ಪತ್ತಾರನ ಹತ್ತಿರ ಒಯ್ದಳು. ಮುಖದ ಸುತ್ತ ಇಂಗ್ಲಿಷ್ ಅಕ್ಷರಗಳಿದ್ದವು. ಅಂಗಡಿಯವರ ಹೆಸರಿರಬೇಕೆಂದು ಅರದಿಂದ ಉಜ್ಜಿಸಿದಳು, ಮೇಲೊಂದು ಕೊಂಡಿ ಹಾಕಿಸಿದಳು. ಹಿಂಬದಿಯನ್ನು ಯಾರೂ ಮುಟ್ಟಲಿಲ್ಲ. ಅದು ಎದೆಯ ಕಡೆಗೆ ಇರುವುದು, ಯಾರು ನೋಡುತ್ತಾರೆ.

ನಾನು ಈ ಮನೆಗೆ ಬಂದದ್ದು ಶಾರದವ್ವ ಬಂದ ಎರಡು ವರ್ಷಕ್ಕೆ. ಬಿಲ್ಲೆಯನ್ನು ಮೊದಲ ಸಲ ಹತ್ತಿರದಿಂದ ಕಂಡಾಗ ನನಗೆ ಅನುಮಾನ ಬಂತು. ಕೆನ್ನೆ ಒಳಗೆ ಹೋಗಿದೆ, ತುಟಿ ಬಿಗಿದಿದೆ, ಕಣ್ಣ ಕೆಳಗೆ ಗೆರೆ.

“ಅತ್ತೀ, ನಂದಕ್ಕ ಇಷ್ಟು ಮುದುಕಿ ಇದ್ಳೇನ್ರಿ?” ಅಂತ ಕೇಳಿದೆ.

“ಇಪ್ಪತ್ತೆರಡು ವರ್ಷದಾಕಿ,” ಅಂದಳು ಅತ್ತೆ. “ಸತ್ತ ಮ್ಯಾಲೆ ಮಾರಿ ಹಂಗ ಆಗತೈತಿ. ಬಾಯಿ ಮುಚ್ಚು, ಹಿಟ್ಟು ನಾದು.”

ಆ ದಿನದಿಂದ ಸತ್ತವರಿಗೂ ವಯಸ್ಸಾಗುತ್ತದೆಂದೇ ನಾನು ನಂಬಿದೆ.

ಇನ್ನು ಸಿಳ್ಳೆಯ ಮಾತು. ಮಧ್ಯಾಹ್ನ ಗಂಡಸರು ಹೊಲದಲ್ಲಿರುವಾಗ, ದನಗಳೂ ಮೆಲುಕು ಹಾಕುವುದನ್ನು ನಿಲ್ಲಿಸುವ ಬಿಸಿಲಿನಲ್ಲಿ, ನಮ್ಮ ಹಿತ್ತಲಲ್ಲಿ ಯಾರೋ ಸಿಳ್ಳೆ ಹೊಡೆಯುತ್ತಿದ್ದರು. ದಿನಾಲೂ ಅಲ್ಲ. ಮೂರು ಸ್ವರ ಮೇಲಕ್ಕೆ, ಒಂದು ಕೆಳಕ್ಕೆ. ಆಮೇಲೆ ಸ್ವಲ್ಪ ಬಿಡುವು. ಮತ್ತೆ ಅದೇ. ನುಗ್ಗೆಗಿಡದ ಕೆಳಗಿನಿಂದ ಬಂದಂತೆ ಇರುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಅತ್ತೆ ಹಕ್ಕಿ ಅನ್ನುತ್ತಿದ್ದಳು. ಹಕ್ಕಿಯಾದರೆ ನಾವು ಹೋದಾಗ ಹಾರಬೇಕಲ್ಲ, ಏನೂ ಹಾರುತ್ತಿರಲಿಲ್ಲ.

ಶಾರದವ್ವ ಅದನ್ನು ನಂದಾಳೆಂದೇ ತಿಳಿದಿದ್ದಳು. ಸಿಳ್ಳೆ ಕೇಳಿದ ದಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು, “ಅಕ್ಕಾ, ಮುಂಜಾನೆ ಎಡಿ ಕೊಟ್ಟೇನಿ. ಮತ್ತ್ಯಾಕ ಹಸಿವು? ಏನು ಕಡಿಮಿ ಆಗೇತಿ ಹೇಳವ್ವಾ,” ಎಂದು ಕೇಳುತ್ತಿದ್ದಳು. ಬಿಲ್ಲೆಯ ಮುದುಕಿ ಪಕ್ಕಕ್ಕೆ ನೋಡುತ್ತಲೇ ಇರುತ್ತಿದ್ದಳು, ತನಗಲ್ಲ ಕೇಳಿದ್ದು ಅನ್ನುವ ಹಾಗೆ.

ಅವಳಿಗೆ ಸಿದ್ಧಾರೂಢ ಹುಟ್ಟಿ ತೊಟ್ಟಿಲು ಕಟ್ಟಿದ ದಿನ ಸಿಳ್ಳೆ ಕಿಟಕಿಯ ಹತ್ತಿರಕ್ಕೆ ಬಂತು. ನಾನೇ ಕೇಳಿದ್ದೇನೆ. ಶಾರದವ್ವ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಿಲ್ಲೆಗೆ ತುಪ್ಪ ಸವರಿ, ಕಡಬು ಮುಟ್ಟಿಸಿ, ಅತ್ತು ಕರೆದಳು. ಕೂಸಿಗೆ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ಅವಳು ಒಂದು ದಿನವೂ ತನ್ನ ತುತ್ತನ್ನು ಮೊದಲು ಬಾಯಿಗೆ ಇಡಲಿಲ್ಲ. ಮದುವೆ ಮನೆಯಲ್ಲಿ ಕೂತಾಗಲೂ ಸೆರಗಿನ ಮರೆಯಲ್ಲಿ ಬಿಲ್ಲೆಗೆ ಅನ್ನ ಮುಟ್ಟಿಸಿಯೇ ಉಣ್ಣುತ್ತಿದ್ದಳು. ಐವತ್ತು ವರ್ಷದ ಹತ್ತಿರ ಹೀಗೆ ನಡೆಯಿತು. ಅವಳ ಬಾಳೆಂದರೆ ಇದೇ. ಹೊಲ, ದನ, ಮಗ, ಸೊಸೆ ಎಲ್ಲವೂ ಇತ್ತು, ಆದರೆ ಎಲ್ಲದಕ್ಕಿಂತ ಮೊದಲು ಅಕ್ಕ.

ಹೋದ ವರ್ಷ ಅವಳಿಗೆ ಉಸಿರು ಕಟ್ಟತೊಡಗಿತು. ಸಿದ್ಧಾರೂಢ ನಮ್ಮಿಬ್ಬರನ್ನೂ ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದ. ಎದೆಗೆ ವಾಯರು ಹಚ್ಚುವ ಕೋಣೆಯಲ್ಲಿ ನಸೀಮಾಬಿ ಅನ್ನುವ ನರ್ಸಬಾಯಿ ಇದ್ದಳು.

“ಅಜ್ಜಿ, ಕೊಳ್ಳಾಗಿಂದು ತೆಗೀರಿ.”

“ತೆಗ್ಯಾಂಗಿಲ್ಲವ್ವಾ. ಅದರಾಗ ನಮ್ಮ ಅಕ್ಕ ಅದಾಳ.”

“ಹಂಗಾದ್ರ ಅಕ್ಕನ್ನ ಈ ಅಜ್ಜಿ ಕೈಯಾಗ ಕೊಡ್ರಿ. ಅಕಿಗೂ ನೇತಾಡಿ ನೇತಾಡಿ ಬ್ಯಾಸರ ಬಂದಿರಬೇಕು. ಸ್ವಲ್ಪ ಕುಂಡ್ರಲಿ.”

ಶಾರದವ್ವನಿಗೆ ನಗು ಬಂತು. ನಗುವಿನಲ್ಲೇ ದಾರ ಬಿಚ್ಚಿ ನನ್ನ ಕೈಗೆ ಹಾಕಿದಳು. ಬಿಲ್ಲೆ ಅವಳ ಮೈಯ ಬಿಸಿಗೆ ಬಿಸಿಯಾಗಿತ್ತು. ಆ ಕೋಣೆಯಲ್ಲಿ ತಣ್ಣನೆಯ ಗಾಳಿಯ ಮಶೀನು ಇತ್ತು, ನನ್ನ ಬೆರಳು ಸೆಟೆಯುತ್ತಿದ್ದವು, ಆದರೂ ಬಿಲ್ಲೆ ಆರಲಿಲ್ಲ.

ನಸೀಮಾಬಿ ಬಗ್ಗಿದವಳು ಹಾಗೇ ನಿಂತಳು.

“ಇದೇನ್ರಿ ಅಜ್ಜಿ? ಎದಿ ಮ್ಯಾಲೆ ಇಂಗ್ಲೀಷ ಬರದೈತಲ್ಲ!”

ನೋಡಿದೆ. ಬಿಲ್ಲೆ ಇದ್ದ ಜಾಗದಲ್ಲಿ ಚರ್ಮ ದುಂಡಗೆ ಕಪ್ಪಾಗಿತ್ತು. ಅದರೊಳಗೆ ಸಾಲಾಗಿ ಅಕ್ಷರಗಳು ಒತ್ತಿಕೊಂಡಿದ್ದವು. ದಾರಿಯುದ್ದಕ್ಕೂ ಅವಳು ಉಸಿರಿಗಾಗಿ ಮುಂದಕ್ಕೆ ಬಾಗಿ, ಮುಂದಿನ ಸೀಟಿಗೆ ಎದೆ ಒತ್ತಿಕೊಂಡು ಕೂತಿದ್ದಳು, ಬಿಲ್ಲೆಯ ಹಿಂಬದಿ ಅಚ್ಚಾಗಿತ್ತು. ಲೋಹದ ಮೇಲೆ ಸವೆದು ಕಾಣದಂತಾದದ್ದು ಮೈಮೇಲೆ ಸ್ಪಷ್ಟವಾಗಿತ್ತು, ಆದರೆ ತಿರುಗಾಮುರುಗಾ. ನಸೀಮಾಬಿ ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಓದಿದಳು.

“ಸುಸಾನ್ ಆಂಥೊನಿ ಅಂತೈತಿ. ಹದಿನೆಂಟುನೂರಾ ಇಪ್ಪತ್ತು, ಹತ್ತೊಂಬತ್ತುನೂರಾ ಆರು. ನಿಮ್ಮ ಅಕ್ಕನ ಹೆಸರೇನ್ರಿ?”

“ನಂದಾ,” ಅಂದೆ ನಾನು.

ನಸೀಮಾಬಿ ಮೊಬೈಲಿನಲ್ಲಿ ಹುಡುಕಿದಳು. ಅಲ್ಲಿ ಬಂದ ಫೋಟೋದಲ್ಲಿ ಅದೇ ಮುದುಕಿ, ಅದೇ ತುರುಬು, ಅದೇ ಬಿಗಿದ ತುಟಿ. ಅಮೇರಿಕಾದವಳಂತೆ. ಹೆಂಗಸರಿಗೂ ಓಟು ಬೇಕೆಂದು ಬಡಿದಾಡಿದವಳಂತೆ. ದೊಡ್ಡವರ ನೆನಪಿಗೆ ಆ ದೇಶದಲ್ಲಿ ಇಂಥ ಬಿಲ್ಲೆ ಹೊಡೆಸುತ್ತಾರಂತೆ.

“ಮದವಿ ಆಗಿದ್ದಿಲ್ಲಂತ್ರಿ ಈಕಿ,” ಅಂದಳು ನಸೀಮಾಬಿ.

ಮದುವೆಯನ್ನೇ ಒಲ್ಲದವಳನ್ನು ನಾವು ಐವತ್ತು ವರ್ಷ ಸವತಿ ಮಾಡಿಕೊಂಡಿದ್ದೆವು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಶಾರದವ್ವನ ಮುಖ ಬೂದಿಯಂತಾಗಿತ್ತು.

ಡಾಕ್ಟರು ಎದೆಯ ಆಪರೇಶನ್ ಆಗಬೇಕು, ತಡ ಮಾಡಬೇಡಿ ಅಂದರು. ಅದು ಅವಳ ಕಿವಿಗೆ ಬೀಳಲೇ ಇಲ್ಲ. ಮರಳಿ ಬರುವಾಗ ಗಾಡಿಯಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಅಂದಳು:

“ಹಂಗಾರ ಅಕ್ಕಗ ಎಡಿ ಕೊಟ್ಟೋರು ಯಾರು ಬೇ?”

ನಾನು ಅವಳ ಸೆರಗು ಸರಿ ಮಾಡಿದೆ.

“ಅಕಿ ಸೀರಿ ಇಲ್ಲದ, ತುತ್ತಿಲ್ಲದ ಹಿತ್ತಲದಾಗ ನಿಂತಾಳ. ನಾ ಒಳಗ ಕುಂತು ಯಾರಿಗೋ ತಿನಿಸೇನಿ. ಆಪರೇಶನ್ನಿನ್ಯಾಗ ನಾ ಹೋದ್ರ ಅಲ್ಲಿ ಅಕಿ ಇರ್ತಾಳ. ಯಾವ ಮಾರಿ ತಗೊಂಡು ಅಕಿ ಮುಂದ ನಿಂದರ್ಲಿ?”

ನಂದಾಗೆ ಏನು ಬೇಕೆಂದು ತಿಳಿಯದೆ ದವಾಖಾನೆಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಳು. ಸಿದ್ಧಾರೂಢ ಬೈದ, ಸೊಸೆ ಅತ್ತಳು. ಅವಳು ಕೇಳಲಿಲ್ಲ. ನಂದಾಳನ್ನು ಹತ್ತಿರದಿಂದ ಬಲ್ಲವರಲ್ಲಿ ಉಳಿದವಳು ಒಬ್ಬಳೇ, ರಜಿಯಾಬಿ. ನಮ್ಮ ಊರಿನ ಮಗಳು, ಗುಡಗೇರಿಗೆ ಕೊಟ್ಟಿದ್ದರು. ಅವಳ ಮನೆ ಸ್ಟೇಶನ್ನಿನ ಹಿಂದಿದೆ. ಸಂತೆಯ ದಿನ ನಾವಿಬ್ಬರೂ ಬಸ್ಸು ಹತ್ತಿದೆವು.

ರಜಿಯಾಬಿಗೆ ಎಪ್ಪತ್ತೈದು ದಾಟಿದೆ. ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಳು. ಶಾರದವ್ವ ಕೊರಳ ಬಿಲ್ಲೆಯನ್ನು ಅವಳ ಮುಂದೆ ಹಿಡಿದಳು.

“ಯಾ ಅಲ್ಲಾ! ಇದು ಜೂಡಿಬಾಯಿದು! ಕೊಳ್ಳಾಗ ಯಾಕ ಹಾಕ್ಕೊಂಡೀಯ ಇದನ್ನ?”

“ಅದನ್ನ ಆಮ್ಯಾಲ ಹೇಳ್ತೀನಿ. ಜೂಡಿಬಾಯಿ ಯಾರವ್ವಾ?”

ರಜಿಯಾಬಿ ಹೇಳಿದಳು. ಆ ಕಾಲದಲ್ಲಿ ಅಮೇರಿಕಾದಿಂದ ಹುಡುಗ ಹುಡುಗಿಯರು ನಮ್ಮ ಕಡೆಯ ಹಳ್ಳಿಗಳಿಗೆ ಸೇವೆಗೆಂದು ಬಂದು ಇರುತ್ತಿದ್ದರು. ಹಾಗೆ ಬಂದ ಜೂಡಿಬಾಯಿ ಕುಬಿಹಾಳದಲ್ಲಿ ಹೆಂಗಸರಿಗೆ ಹೊಲಿಗೆಯನ್ನೂ ಹಿತ್ತಲಲ್ಲಿ ಕಾಯಿಪಲ್ಲೆ ಬೆಳೆಯುವುದನ್ನೂ ಕಲಿಸಿದಳು. ನಂದಾ ಮತ್ತು ರಜಿಯಾ ಇಬ್ಬರೂ ಅವಳ ಬೆನ್ನು ಬಿಡುತ್ತಿರಲಿಲ್ಲ.

“ಊರಿಗೆ ಹೋಗುವಾಗ ನನಗ ಕತ್ತರಿ ಕೊಟ್ಳು, ನಂದಾಗ ಇದನ್ನ ಕೊಟ್ಳು. ‘ಈಕಿ ನಮ್ಮ ದೇಶದ ದೊಡ್ಡಾಕಿ, ಯಾರಿಗೂ ಅಂಜಿದಾಕಿ ಅಲ್ಲ, ನೀನೂ ಅಂಜಬ್ಯಾಡ’ ಅಂದ್ಳು. ನಂದಾ ಅತ್ತಿ ಕಣ್ಣಿಗೆ ಬೀಳಬಾರದಂತ ಟ್ರಂಕಿನ ತಳಕ್ಕ ಇಟ್ಟಿದ್ಳು.”

“ಅಕ್ಕಗ ಏನು ಸೇರತಿತ್ತವ್ವಾ? ಹೋಳಗಿಯೋ, ಕಡಬೋ? ಯಾ ಬಣ್ಣದ ಸೀರಿ? ಐವತ್ತು ವರ್ಷ ಆತು, ಅಕಿಗೆ ಏನೂ ಮುಟ್ಟಿಲ್ಲ,” ಅಂದಳು ಶಾರದವ್ವ. ಅವಳ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ತಿನ್ನೂದರಾಗ ಅಕಿಗೆ ಲಕ್ಷ್ಯನ ಇದ್ದಿಲ್ಲ. ಅಕಿಗೆ ಹುಚ್ಚು ಅಂದ್ರ ಸಿಳ್ಳಿ.”

ನಾನು ಶಾರದವ್ವನ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ.

“ಜೂಡಿಬಾಯಿ ಟಮಾಟಿ ಸಾಲಿನ ಆ ತುದಿಗೆ ನಿಂತು ಹೊಡೀತಿದ್ಳು, ನಂದಾ ಈ ತುದಿಗೆ ನಿಂತು ತಿರುಗಿ ಹೊಡೀತಿದ್ಳು. ಒಬ್ಬಾಕಿ ಹೊಡದ್ರ ಇನ್ನೊಬ್ಬಾಕಿ ಜವಾಬ ಕೊಡಬೇಕು. ಅದ ಆಟ. ಮನಿಗೆ ಹಾವು ಬರತಾವಂತ ಅತ್ತಿ ಕಪಾಳಕ್ಕ ಹೊಡದ್ಳು. ಜೂಡಿಬಾಯಿ ಹೋದ ಮ್ಯಾಲೂ ನಂದಾ ಒಬ್ಬಾಕಿನ ಹೊಡದು ಸುಮ್ಮನ ನಿಂದರ್ತಿದ್ಳು. ಜ್ವರದಾಗೂ ಅದ ಮಾತು, ‘ಯಾರರ ತಿರುಗಿ ಹೊಡೀರಿ’ ಅಂತ. ಯಾರು ಹೊಡೀಬೇಕು, ನಂಗ ಬರ್ತಿತ್ತು, ಆದ್ರ ನನ್ನ ಆಗಲೇ ಈ ಊರಿಗೆ ಕೊಟ್ಟಿದ್ರು.”

ಹೀಗೆಂದು ರಜಿಯಾಬಿ ಹಲ್ಲಿಲ್ಲದ ಬಾಯಿಯನ್ನು ದುಂಡಗೆ ಮಾಡಿ ಸಿಳ್ಳೆ ಹೊಡೆದಳು. ಮೂರು ಸ್ವರ ಮೇಲಕ್ಕೆ, ಒಂದು ಕೆಳಕ್ಕೆ. ಆಮೇಲೆ ಬಿಡುವು.

ಶಾರದವ್ವ ನನ್ನ ಮಣಿಕಟ್ಟು ಹಿಡಿದಳು. ಬಳೆ ಇದ್ದಿದ್ದರೆ ಒಡೆಯುತ್ತಿತ್ತು. ಐವತ್ತು ವರ್ಷ ನಾವು ಕೇಳಿದ ಆ ಬಿಡುವು ಉಸಿರಿಗಾಗಿ ಅಲ್ಲ. ನಂದಾ ಕಾಯುತ್ತಿದ್ದಳು.

ಮರುದಿನದಿಂದ ಶಾರದವ್ವ ಮಧ್ಯಾಹ್ನ ಹಿತ್ತಲಲ್ಲಿ ನುಗ್ಗೆಗಿಡದ ಎದುರು ಕೂತು ಸಿಳ್ಳೆ ಕಲಿಯತೊಡಗಿದಳು. ಬರೀ ಗಾಳಿ ಬರುತ್ತಿತ್ತು.

“ಒಲಿ ಊದಿದ್ಹಂಗ ಆಗತೈತಿ ಬೇ,” ಅಂದೆ.

“ನಗ್ತಿ ಹೌದಲ್ಲ? ನಗು. ನಿನ್ನ ಬಾಯಾಗರ ಹಲ್ಲದಾವು, ನೀನ ಹೊಡಿ ಹಂಗಾರ.”

“ನಾ ಒಲ್ಯವ್ವಾ. ನನಗೇನು ಅಕಿ ಸವತಿ ಅಲ್ಲ.”

ಆಗ ಬಂತು. ನುಗ್ಗೆಯ ಬುಡದಿಂದ, ನಮ್ಮಿಂದ ನಾಲ್ಕು ಮಾರು ದೂರದಲ್ಲಿ. ಮೂರು ಮೇಲಕ್ಕೆ, ಒಂದು ಕೆಳಕ್ಕೆ. ಒಂದು ಎಲೆಯೂ ಅಲುಗಲಿಲ್ಲ. ಶಾರದವ್ವ ತುಟಿ ಮುಂದೆ ಮಾಡಿ ಊದಿದಳು. ಫೂ, ಫೂ, ಫೂ, ಫೂ. ಅಷ್ಟೇ. ಅತ್ತ ಕಡೆ ಏನೂ ಕೇಳಲಿಲ್ಲ. ಆದರೆ ಯಾರೋ ಕಿವಿಗೊಟ್ಟು ನಿಂತರೆ ಎಂಥ ಮೌನ ಆಗುತ್ತದೆಯೋ ಅಂಥ ಮೌನ. ಅವಳು ಮತ್ತೆ ಊದಿದಳು, ಕಣ್ಣಲ್ಲಿ ನೀರು ಬರುವ ತನಕ. “ಬರವಲ್ದು ಅಕ್ಕಾ,” ಅಂದಳು. “ಕಲೀತೀನಿ ತಡಿ.”

ದವಾಖಾನೆಗೆ ಹೋಗುವ ತನಕ ದಿನಾಲೂ ಕೂತಳು. ಸ್ವರ ಹುಟ್ಟಲಿಲ್ಲ. ಆದರೂ ಹೋಗಲು ಒಪ್ಪಿದಳು, ಮುಖದಲ್ಲಿ ಮೊದಲಿನ ಅಂಜಿಕೆ ಇರಲಿಲ್ಲ. ಒಳಗೆ ಒಯ್ಯುವ ಮುಂಚೆ ಬಿಲ್ಲೆ ಬಿಚ್ಚಿ ನನಗೆ ಕೊಟ್ಟಳು.

“ಇದನ್ನ ಹೊಳಿಗೆ ಗಿಳಿಗೆ ಬಿಡಬ್ಯಾಡ. ಪಾಪ, ಪರದೇಶದಾಕಿ. ಇಷ್ಟು ವರ್ಷ ನಮ್ಮನಿ ರೊಟ್ಟಿ ಉಂಡಾಳ. ದೇವರ ಜಗಲಿ ಮ್ಯಾಲೆ ಇಟ್ಟು ಒಂದು ತುತ್ತು ತೋರಿಸು.”

ಆಪರೇಶನ್ನು ಚೆನ್ನಾಗಿ ಆಯಿತೆಂದರು. ಆದರೆ ಅವಳಿಗೆ ಎಚ್ಚರ ಬರಲಿಲ್ಲ. ಊರಿಗೆ ತಂದು ನಮ್ಮ ಹೊಲದಲ್ಲಿ, ಕುಬೇರಪ್ಪನವರ ಮಗ್ಗುಲಲ್ಲಿ ಮಣ್ಣು ಕೊಟ್ಟೆವು. ಆಚೆ ಮಗ್ಗುಲಲ್ಲಿ ನಂದಾ ಇದ್ದಾಳೆ. ಸ್ನಾನ ಮಾಡಿಸುವಾಗ ಎದೆಯ ಮೇಲಿನ ದುಂಡು ಗುರುತನ್ನು ಹುಡುಕಿದೆ. ಹೊಲಿಗೆ ಇತ್ತು. ಗುರುತು ಇರಲಿಲ್ಲ.

ಬಿಲ್ಲೆ ಈಗ ಜಗಲಿಯ ಮೇಲಿದೆ. ದಿನಾ ವಿಭೂತಿ ಹಚ್ಚಿ ಒಂದು ತುತ್ತು ತೋರಿಸುತ್ತೇನೆ. ಅವಳು ಎಂದಿನಂತೆ ಪಕ್ಕಕ್ಕೆ, ಹಿತ್ತಲ ಬಾಗಿಲ ಕಡೆಗೆ ನೋಡುತ್ತಾಳೆ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಸಿದ್ಧಾರೂಢನ ಹೆಂಡತಿಯೂ ನಾನೂ ಕಾಳು ಹಸನು ಮಾಡುತ್ತಿದ್ದೆವು. ಹಿತ್ತಲಲ್ಲಿ ಸಿಳ್ಳೆ ಕೇಳಿತು. ಬಿಡುವು ಬಂತು. ಆ ಬಿಡುವಿನೊಳಗೆ, ಹಿತ್ತಲ ಗೋಡೆಯ ಇತ್ತ ತುದಿಯಿಂದ, ಆರಿದ ಒಲೆ ಊದಿದಂತೆ, ಫೂ, ಫೂ, ಫೂ, ಫೂ.

ಸೊಸೆಯ ಕೈ ಮೊರದಲ್ಲೇ ನಿಂತಿತು.

“ಸಣ್ಣತ್ತಿ, ಅದೇನ್ರಿ?”

“ಹಕ್ಕಿ,” ಅಂದೆ.

“ಮೊದಲ ಒಂದ ಇತ್ತಲ್ರಿ?”

“ಈಗ ಜೋಡಿ ಆಗೇತಿ. ಕಾಳು ನೋಡು, ಕಲ್ಲು ಬಿಟ್ಟಿ.”

ಅದು ಆದದ್ದು ಬೇಸಿಗೆಯಲ್ಲಿ. ಪಂಚಮಿಯ ಹೊತ್ತಿಗೆ ಆ ಗಾಳಿಯೊಳಗೆ ಒಂದು ಸ್ವರ ಹುಟ್ಟಿತು. ಈಗ ಮೂರು ಬರುತ್ತವೆ. ಕೆಳಕ್ಕೆ ಇಳಿಯುವ ಆ ಕೊನೆಯದೊಂದು ಇನ್ನೂ ಸರಿ ಬರುವುದಿಲ್ಲ, ಜಾರುತ್ತದೆ.