ಅಳಿಯನ ಸೈಕಲ್ಲು, ಮಾವನ ಮರ್ಯಾದೆ

ಮಾವನ ಮನೆಗೆ ಹೋಗುವ ಅಳಿಯ ಏನೇನು ಒಯ್ಯಬಹುದು ಎಂಬುದಕ್ಕೆ ನಮ್ಮಲ್ಲಿ ಯಾರೂ ಬರೆದಿಡದ ಒಂದು ಪಟ್ಟಿಯಿದೆ. ಬಾಳೆಹಣ್ಣು ಒಯ್ಯಬಹುದು, ಮಲ್ಲಿಗೆ ಹೂ ಒಯ್ಯಬಹುದು, ಸಿಹಿಯ ಡಬ್ಬಿ ಒಯ್ಯಬಹುದು, ಹೆಂಡತಿಯನ್ನಂತೂ ಕರೆದೊಯ್ಯಲೇಬೇಕು. ಸೈಕಲ್ಲು ಆ ಪಟ್ಟಿಯಲ್ಲಿಲ್ಲ. ಇದು ನನಗೆ ಗೊತ್ತಾದದ್ದು ತೊಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ. ದಾವಣಗೆರೆಯಿಂದ ಬಂದ ಬಸ್ಸಿನ ಟಾಪಿನಿಂದ ಸೈಕಲ್ಲು ಇಳಿಸಿಕೊಂಡು, ಹೆಂಡತಿ ಮಗಳನ್ನು ಆಟೋದಲ್ಲಿ ಮುಂದೆ ಕಳಿಸಿ, ನಾನು ಹಿಂದಿನಿಂದ ತುಳಿದುಕೊಂಡು ಜಯನಗರ ನಾಲ್ಕನೇ ಟಿ ಬ್ಲಾಕಿನ ಮಾವನ ಗೇಟಿನ ಮುಂದೆ ನಿಂತು ಟ್ರಿಣ್ ಟ್ರಿಣ್ ಎಂದು ಬೆಲ್ಲು ಬಾರಿಸಿದೆ.

ಬಾಗಿಲಿಗೆ ಬಂದ ಅತ್ತೆಯವರು ಮೊದಲು ಸೈಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ತಮ್ಮ ಮಗಳ ಮುಖವನ್ನು. “ಸ್ಕೂಟರ್ ಚೆನ್ನಾಗಿದ್ಯಾ ಅಳಿಯಂದ್ರೇ?” ಎಂದು ಕೇಳಿದರು. ನಾನು ಚೆನ್ನಾಗಿದ್ದೀನಾ ಎಂಬುದು ಎರಡನೇ ಪ್ರಶ್ನೆಯಾಗಿತ್ತು. ಅವರದೇನೂ ತಪ್ಪಿಲ್ಲ. ಆ ಸ್ಕೂಟರನ್ನು ಮದುವೆಯಲ್ಲಿ, ನಾನು ಬೇಡವೆಂದರೂ, ಮಾವನವರು ಇಡೀ ಬೀದಿಗೆ ಕಾಣುವಂತೆ ಹಾರ ಹಾಕಿ ಕೊಟ್ಟಿದ್ದರು. ನಾನು ಬಹಳ ಜೋರಾಗಿ ಬೇಡವೆನ್ನಲಿಲ್ಲ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಸೈಕಲ್ಲಿನ ಹಿಂದೆ ನನ್ನದೇ ಒಂದು ಅವಮಾನದ ಕಥೆಯಿತ್ತು. ನಮ್ಮ ಆಫೀಸಿನ ಕ್ರೀಡಾಕೂಟದಲ್ಲಿ ಮೂವತ್ತು ಕಿಲೋಮೀಟರಿನ ಸೈಕಲ್ ಸ್ಪರ್ಧೆ ಇರುತ್ತಿತ್ತು. ಹಿಂದಿನ ವರ್ಷ ನಾನು ಗುರಿ ಮುಟ್ಟುವಷ್ಟರಲ್ಲಿ ಬಹುಮಾನ ಹಂಚಿ, ರಾಷ್ಟ್ರಗೀತೆ ಹಾಡಿ, ಶಾಮಿಯಾನ ಬಿಚ್ಚಲು ಶುರು ಮಾಡಿದ್ದರು. ಏದುಸಿರು ಬಿಡುತ್ತಾ ಗೆರೆ ದಾಟಿದ ನನಗೆ ಶಾಮಿಯಾನದವನು, “ಸಾರ್, ಹಗ್ಗ ಬಿಚ್ಬೇಕು, ಸ್ವಲ್ಪ ಆ ಕಡೆ ಸರೀರಿ” ಎಂದ. ನನಗೆ ಸಿಕ್ಕ ಸ್ವಾಗತ ಭಾಷಣ ಅದೊಂದೇ. ಈ ವರ್ಷ ಬಹುಮಾನದ ಆಸೆ ಇರಲಿಲ್ಲ. ಶಾಮಿಯಾನ ನಿಂತಿರುವಾಗಲೇ ಮುಟ್ಟಬೇಕು, ಅಷ್ಟೇ. ಸ್ಪರ್ಧೆ ಇದ್ದದ್ದು ರಜೆ ಮುಗಿದ ಮರುವಾರ. ಹತ್ತು ದಿನ ಮಾವನ ಮನೆಯಲ್ಲಿ ಉಂಡು ಮಲಗಿದರೆ ನನ್ನ ಗತಿ ಏನಾಗಬೇಕು? ಆದರೆ ಕೊನೆಯವನಾಗಿ ಬಂದವನು “ಅಭ್ಯಾಸ ಮಾಡುತ್ತಿದ್ದೇನೆ” ಎಂದು ಡಂಗುರ ಸಾರುವುದಾದರೂ ಹೇಗೆ? ರೇಸಿನ ಸುದ್ದಿ ಎತ್ತಕೂಡದು ಎಂದು ಹೆಂಡತಿ ಸುಮಾಳಿಂದ ಆಣೆ ಹಾಕಿಸಿಕೊಂಡಿದ್ದೆ. ಕೇಳಿದವರಿಗೆಲ್ಲ “ಹೀಗೇ ಸುಮ್ನೆ” ಎನ್ನುತ್ತಿದ್ದೆ.

ಪುರಾಣಗಳಲ್ಲಿ ಋಷಿಗಳು ತಪಸ್ಸಿಗೆ ಕೂತರೆ ಇಂದ್ರ ಅಪ್ಸರೆಯರನ್ನು ಕಳಿಸುತ್ತಿದ್ದನಂತೆ. ಇಂದ್ರನಿಗೆ ಅನುಭವ ಸಾಲದು ಎಂದೇ ನನ್ನ ಅಭಿಪ್ರಾಯ. ಅಪ್ಸರೆಯನ್ನು ಕಣ್ಣು ಮುಚ್ಚಿಕೊಂಡು ಗೆಲ್ಲಬಹುದು. ಕಾವಲಿಯ ಮೇಲೆ ತುಪ್ಪದಲ್ಲಿ ಬೇಯುವ ಒಬ್ಬಟ್ಟನ್ನು ಕಣ್ಣು ಮುಚ್ಚಿಕೊಂಡು ಗೆಲ್ಲುವುದು ಹೇಗೆ? ಇಂದ್ರ ಒಬ್ಬ ಅತ್ತೆಯನ್ನು ಕಳಿಸಿದ್ದರೆ ಒಬ್ಬ ಋಷಿಗೂ ಸಿದ್ಧಿಯಾಗುತ್ತಿರಲಿಲ್ಲ. ಮೊದಲ ದಿನ ಐದೂವರೆಗೆ ಕಳ್ಳಹೆಜ್ಜೆಯಲ್ಲಿ ಹೊರಟರೆ ಅಡುಗೆಮನೆಯಲ್ಲಿ ಆಗಲೇ ದೀಪ ಉರಿಯುತ್ತಿತ್ತು. “ಅಳಿಯಂದ್ರು ಖಾಲಿ ಹೊಟ್ಟೇಲಿ ಹೊಸಿಲು ದಾಟಿದ್ರೆ ನೋಡ್ದೋರು ಏನಂತಾರೆ?” ಎಂದು ಅತ್ತೆಯವರು ನಾಲ್ಕು ಇಡ್ಲಿ ಬಡಿಸಿದರು. ಬೇಡವೆಂದದ್ದಕ್ಕೆ ಇನ್ನೆರಡು ಬಡಿಸಿದರು. ಆ ಆರು ಇಡ್ಲಿಗಳನ್ನು ಹೊತ್ತುಕೊಂಡು ಬನಶಂಕರಿ ದೇವಸ್ಥಾನ ದಾಟಿ ಕನಕಪುರ ರಸ್ತೆ ಹಿಡಿದು ತಲಘಟ್ಟಪುರ ಮುಟ್ಟುವಾಗ ಪ್ರತಿ ಏರಿನಲ್ಲೂ ಒಂದೊಂದು ಇಡ್ಲಿ ನನ್ನನ್ನು ಹೆಸರು ಹಿಡಿದು ಕರೆಯಿತು.

ತಪ್ಪು ನಡೆದದ್ದು ಮೂರನೇ ದಿನ. ತಲಘಟ್ಟಪುರದ ಹತ್ತಿರ ಹೆಂಗಸೊಬ್ಬಳು ಇಬ್ಬನಿ ಆರದ ಸೊಪ್ಪನ್ನು ರಸ್ತೆ ಬದಿಯಲ್ಲಿ ಹರವಿಕೊಂಡು ಕೂತಿದ್ದಳು. ಅತ್ತೆಯವರ ಇಡ್ಲಿಯ ಋಣ ನೆನಪಾಗಿ, ದಂಟು, ಮೆಂತ್ಯ, ಸಬ್ಬಸಿಗೆ ಎಲ್ಲ ಕೊಂಡು ಕ್ಯಾರಿಯರಿಗೆ ಕಟ್ಟಿಕೊಂಡೆ. ಬೀದಿಗೆ ತಿರುಗುವಾಗ ಎದುರುಮನೆಯ ಶಾಮಣ್ಣನವರು ಪೇಪರು ಹಿಡಿದು ಗೇಟಿನಲ್ಲಿ ನಿಂತಿದ್ದರು. ಅವರು ಮಾವನವರ ಜೊತೆ ದಿನಾ ಸಂಜೆ ಪಾರ್ಕಿನ ಒಂದೇ ಕಲ್ಲುಬೆಂಚಿನಲ್ಲಿ ಕೂರುವವರು. ಸೈಕಲ್ಲು ನೋಡಿದರು, ಸೊಪ್ಪು ನೋಡಿದರು. “ಓಹೋ, ಸೊಪ್ಪಾ ಅಳಿಯಂದ್ರೇ?” ಎಂದರು. ಆ ದನಿಯಲ್ಲಿ ಎಷ್ಟು ಕನಿಕರವಿತ್ತೆಂದರೆ, ಒಂದು ಕಂತೆ ಅವರಿಗೂ ಕೊಡಬೇಕೇನೋ ಎಂದುಕೊಂಡೆ.

ಆರನೇ ದಿನ ರಾಗಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದ ನನ್ನನ್ನು ಸುಮಾ ಮೂಲೆಗೆ ಎಳೆದುಕೊಂಡು ಹೋದಳು.

“ರೀ, ಅಪ್ಪ ಮೂರು ದಿನದಿಂದ ಪಾರ್ಕಿಗೆ ಹೋಗಿಲ್ಲ.”

“ಯಾಕೆ, ಮಂಡಿ ನೋವಾ?”

“ನಿಮ್ಮ ತಲೆ. ಅಳಿಯಂದ್ರು ಸ್ಕೂಟರ್ ಮಾರ್ಕೊಂಡಿದಾರೆ, ಪಾಪ, ಮಾವನ ಮನೇಲಿ ಕೂತು ತಿನ್ನೋದಕ್ಕೆ ನಾಚ್ಕೆ ಆಗಿ ಸೊಪ್ಪು ಹೊತ್ಕೊಂಡ್ ಬರ್ತಾರೆ ಅಂತ ಬೀದಿಯೆಲ್ಲಾ ಮಾತು. ಅಪ್ಪ ಯಾರ ಮುಖ ನೋಡ್ಬೇಕು?”

ಮೊದಲು ನಗು ಬಂತು. ಆಮೇಲೆ ಹಾಲಿನಲ್ಲಿ ಕೂತಿದ್ದ ಮಾವನವರನ್ನು ಕಂಡೆ. ಸಂಜೆ ಐದಕ್ಕೆ ಸರಿಯಾಗಿ ಚಪ್ಪಲಿ ಮೆಟ್ಟುತ್ತಿದ್ದ ಮನುಷ್ಯ, ಬೆಳಗಿನ ಪೇಪರನ್ನೇ ಮತ್ತೆ ಮೊದಲಿನಿಂದ ಓದುತ್ತಿದ್ದರು. ಒಂದೇ ಒಂದು ದಿನವೂ ನನ್ನನ್ನು “ಯಾಕಪ್ಪಾ ಹೀಗೆ?” ಎಂದು ಕೇಳಿರಲಿಲ್ಲ. ಶಾಮಿಯಾನ ಹಾಳಾಗಿ ಹೋಗಲಿ ಎಂದುಕೊಂಡು ಅವರ ಮುಂದೆ ಹೋಗಿ ನಿಂತೆ.

“ಮಾವ, ನಾಳೆಯಿಂದ ಸೈಕಲ್ ಮುಟ್ಟಲ್ಲ.”

“ಅಲ್ಲ, ಯಾಕೆ ತುಳೀತಿದ್ರಿ ಅದನ್ನ? ಅದು ಹೇಳಿ ಮೊದ್ಲು.”

ಹೇಳಿದೆ. ಮೂವತ್ತು ಕಿಲೋಮೀಟರು, ಶಾಮಿಯಾನ, ಹಗ್ಗ, “ಆ ಕಡೆ ಸರೀರಿ,” ಒಂದನ್ನೂ ಮುಚ್ಚಿಡಲಿಲ್ಲ. ಮಾವನವರು ಪೇಪರು ಮಡಿಸಿ ಎದ್ದು ನಿಂತರು. “ರೇಸಾ? ಅಯ್ಯೋ ಮಾರಾಯ್ರೇ, ರೇಸು ಅಂತ ಮೊದ್ಲೇ ಬೊಗಳ್ಬಾರ್ದಾ?” ಎಂದರು. ಅಳಿಯನಿಗೆ ಬಳಸಬಾರದ ಕ್ರಿಯಾಪದ ಬಾಯಿತಪ್ಪಿ ಬಂದದ್ದಕ್ಕೆ ತಾವೇ ನಾಲಿಗೆ ಕಚ್ಚಿಕೊಂಡರು. ಆಮೇಲೆ ಒಳಗೆ ತಿರುಗಿ, “ಲೇ, ಮನೇಲಿ ಕೆಂಪು ಬ್ಲೌಸ್ ಪೀಸ್ ಇದ್ಯೇನೇ?” ಎಂದು ಕೂಗಿದರು.

ಮರುದಿನ ಬೆಳಗ್ಗೆ ನನ್ನ ಬಿಳಿ ಬನಿಯನ್ನಿನ ಬೆನ್ನ ಮೇಲೆ ಕೆಂಪು ಬಟ್ಟೆಯ ದೊಡ್ಡ ಏಳು ನಂಬರು ಹೊಲಿಗೆಯಾಗಿತ್ತು. ಮಂಕಿ ಟೋಪಿ ಹಾಕಿಕೊಂಡ ಮಾವನವರು ಒಂದು ಕೈಯಲ್ಲಿ ವಾಚು, ಇನ್ನೊಂದರಲ್ಲಿ ಮೊಮ್ಮಗಳ ಪೀಪಿ ಹಿಡಿದು ಗೇಟಿನಲ್ಲಿ ನಿಂತಿದ್ದರು. ಐದೂವರೆಗೆ ಸರಿಯಾಗಿ ಪೀಪಿ ಊದಿದರು. ಬೀದಿಯ ಏಳೆಂಟು ಮನೆಗಳಲ್ಲಿ ದೀಪ ಹತ್ತಿಕೊಂಡವು. ನಾನು ಹೊರಟೆ.

ವಾಪಸ್ಸು ಬಂದಾಗ ಪಾರ್ಕಿನ ಕಲ್ಲುಬೆಂಚಿಗೆ ಬೆಂಚೇ ನಮ್ಮ ಗೇಟಿನಲ್ಲಿತ್ತು. ಶಾಮಣ್ಣನವರು ಗ್ಲೂಕೋಸ್ ನೀರಿನ ಲೋಟ ಹಿಡಿದು ಎಲ್ಲರಿಗಿಂತ ಮುಂದಿದ್ದರು. “ಸ್ಪೋರ್ಟ್ಸ್‌ಮನ್ ಅಂತ ನಾನು ಅವತ್ತೇ ಅಂದ್ಕೊಂಡೆ ಗುರುಗಳೇ, ಆ ಮೀನಖಂಡ ನೋಡಿ!” ಎಂದರು. ಅದೇ ಸೈಕಲ್ಲು, ಅದೇ ರಸ್ತೆ, ಅದೇ ಮೀನಖಂಡ. ಕ್ಯಾರಿಯರಿನಲ್ಲಿ ಸೊಪ್ಪಿದ್ದರೆ ಬಡತನ, ಬೆನ್ನ ಮೇಲೆ ನಂಬರಿದ್ದರೆ ಕ್ರೀಡೆ. ಇಷ್ಟು ಸಣ್ಣ ವಿಷಯ ಕಲಿಯಲು ನನಗೆ ಆರು ದಿನ, ಅತ್ತೆಯವರಿಗೆ ಒಂದು ಬ್ಲೌಸ್ ಪೀಸು ಖರ್ಚಾಯಿತು. ಅಂದು ಸಂಜೆ ಐದಕ್ಕೆ ಮಾವನವರು ಚಪ್ಪಲಿ ಮೆಟ್ಟಿ ಪಾರ್ಕಿಗೆ ಹೊರಟರು, ಎಂದಿಗಿಂತ ಸ್ವಲ್ಪ ನಿಧಾನವಾಗಿ, ಎಲ್ಲರೂ ನೋಡಲಿ ಎಂಬಂತೆ.

ಆಮೇಲಿನ ದಿನಗಳ ಕಷ್ಟ ಬೇರೆ. ಮೊದಲು ನಾನು ತುಳಿಯಬಾರದಿತ್ತು, ಈಗ ತುಳಿಯದೆ ಇರುವಂತಿರಲಿಲ್ಲ. ಹಿಂದಿನ ದಿನ ಲಾಲ್‌ಬಾಗ್ ಸುತ್ತಿ ಕಾಲು ಬಿದ್ದುಹೋಗಿದ್ದರೂ ಪೀಪಿ ಮಾತ್ರ ತಪ್ಪಲಿಲ್ಲ. ನಿನ್ನೆಗಿಂತ ಎರಡು ನಿಮಿಷ ತಡವಾದರೆ ಆ ಬೆಂಚಿನ ಐದು ಜನ ನಿವೃತ್ತರಿಗೆ ಸಮಜಾಯಿಷಿ ಕೊಡಬೇಕಿತ್ತು. ಹಾಗೆ ಓಡಿಸಿದ್ದಕ್ಕೋ ಏನೋ, ಒಬ್ಬಟ್ಟಿನ ಭಾರ ಮೈಮೇಲಿದ್ದರೂ ಸ್ಪರ್ಧೆಯಲ್ಲಿ ನಾನು ಕೊನೆಯವನಾಗಲಿಲ್ಲ. ಕೊನೆಯವನಿಗಿಂತ ಒಂದೇ ಸ್ಥಾನ ಮುಂದೆ ಬಂದೆ. ಶಾಮಿಯಾನ ಇನ್ನೂ ನಿಂತಿತ್ತು! ಅದರ ನೆರಳಲ್ಲಿ ಎರಡು ನಿಮಿಷ ಸುಮ್ಮನೆ ಕೂತೆ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರೆ, ಮಾವನವರು ಪಾರ್ಕಿನಲ್ಲಿ “ನಮ್ಮ ಅಳಿಯಂದ್ರ ಹಿಂದೆ ಇನ್ನೂ ಜನ ಇದ್ರಂತೆ” ಎಂದು ಸಾರಿದರಂತೆ.

ಮುಂದಿನ ಬೇಸಿಗೆಯಲ್ಲಿ, ಎಲ್ಲರ ಮರ್ಯಾದೆಯೂ ಉಳಿಯಲಿ ಎಂದು ಸೈಕಲ್ಲನ್ನು ಊರಲ್ಲೇ ಬಿಟ್ಟು, ಬಾಳೆಹಣ್ಣು, ಮಲ್ಲಿಗೆ, ಸಿಹಿಯ ಡಬ್ಬಿ ಹಿಡಿದು ಪಟ್ಟಿಯ ಪ್ರಕಾರವೇ ಆಟೋದಲ್ಲಿ ಬಂದಿಳಿದೆ. ಶಾಮಣ್ಣನವರು ಗೇಟಿನಲ್ಲೇ ಇದ್ದರು. ಆಟೋದ ಹಿಂದೆ ನೋಡಿದರು, ಮೇಲೆ ನೋಡಿದರು, ನನ್ನ ಕೈಯಲ್ಲಿದ್ದ ಬಾಳೆಹಣ್ಣು ನೋಡಿದರು.

“ಅಯ್ಯೋ ಪಾಪ,” ಎಂದರು, “ಸೈಕಲ್ಲೂ ಮಾರ್ಬಿಟ್ರಾ ಅಳಿಯಂದ್ರೇ?”

ಮಾವನವರು ಆ ಸಂಜೆ ಪಾರ್ಕಿಗೆ ಹೋಗಲಿಲ್ಲ.