ಒಣ ಪಾತ್ರೆಯ ಅಂಕಿ

ತಂಬಿಗೆ ಬಡಿದು ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ಹೇಳುತ್ತೇವೆ ಎನ್ನುವವರನ್ನು ನಾನು ನಂಬಿದವನಲ್ಲ. ಭೌತಶಾಸ್ತ್ರ ಕಲಿಸುವವನು ಅಂಥದ್ದನ್ನೆಲ್ಲ ನಂಬಿದರೆ ಹೇಗೆ? ಹಾಗಾಗಿ ಮುಂದಿನದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕೊಟ್ಟೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ದಿನಾ ಹರಪನಹಳ್ಳಿಯಿಂದ ಬಸ್ಸು. ತಂಬ್ರಹಳ್ಳಿಯ ಹಾಲಮ್ಮ ನನ್ನ ಸಹೋದ್ಯೋಗಿ. ಇಬ್ಬರಿಗೂ ಪಿಎಚ್.ಡಿ. ಮಾರ್ಗದರ್ಶಕರು ಒಬ್ಬರೇ; ನಮಗೆ ಅವರು ಬರೀ 'ಸರ್'. ನಮ್ಮ ಕೆಲಸ ಇಷ್ಟು: ಎರಡು ದ್ರವ ಬೆರೆಸಿ ಪುಟ್ಟ ಪಾತ್ರೆಗೆ ತುಂಬುವುದು, ಅದರೊಳಗೆ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನದ ಶಬ್ದ ಹರಿಸುವುದು. ಮೇಲಿನ ತಿರುಪು ತಿರುವಿದಂತೆ ಮೀಟರಿನ ಮುಳ್ಳು ಏರಿಳಿಯುತ್ತದೆ. ಅದನ್ನು ಎಣಿಸಿದರೆ ಶಬ್ದದ ವೇಗ ಸಿಗುತ್ತದೆ. ಬೆರೆತ ಅಣುಗಳು ಒಂದನ್ನೊಂದು ಹಿಡಿದುಕೊಂಡವೋ ದೂರ ಸರಿದವೋ ಎಂಬುದು ಆ ವೇಗದಿಂದ ತಿಳಿಯುತ್ತದೆ.

ನನ್ನ ಅಂಕಿ ಇಂದು ಇದ್ದಂತೆ ನಾಳೆ ಇರುತ್ತಿರಲಿಲ್ಲ. ಹಾಲಮ್ಮನದು ಕದಲುತ್ತಿರಲಿಲ್ಲ. "ನಮ್ಮವ್ವ ತಂಬಿಗಿ ಬಡದು ಹಾಲಿನ ನೀರು ಹೇಳ್ತಾಳ್ರಿ ಅಣ್ಣಾ. ನಾವು ಮಾಡಾದೂ ಅದ ಐತಲ್ಲ" ಎಂದು ನಗುತ್ತಿದ್ದಳು. ತಿರುಪು ತಿರುವುವುದನ್ನು ನನ್ನಿಂದಲೇ ಕಲಿತವಳು! ಸರ್ ಅವಳನ್ನು ಹೊಗಳಿದಷ್ಟೂ ನನ್ನ ಹೊಟ್ಟೆ ಉರಿಯುತ್ತಿತ್ತು. ಅಂಕಿಗಳನ್ನು ಮನೆಯಲ್ಲೇ ಕೂತು ಬರೆದು ತರುತ್ತಾಳೆ ಎಂದು ಅವರ ಕಿವಿಯಲ್ಲಿ ಊದಿದವನೂ ನಾನೇ.

ಸರ್ ಅವಳ ಅಂಕಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿದರು. "ಅದ ಮಿಶ್ರಣದ ಅಂಕಿ ನೀನೂ ಒಮ್ಮೆ ತಗದು ನೋಡಪಾ. ತಾಳೆ ಆದ್ರ ಪ್ರಬಂಧಕ್ಕ ಆಕಿ ಹೆಸರು ಮೊದಲು, ಇಲ್ಲಂದ್ರ ನಿಂದು" ಎಂದರು.

ಮಧ್ಯಾಹ್ನ ಪ್ರಯೋಗಾಲಯಕ್ಕೆ ಹೋದಾಗ ಹಾಲಮ್ಮ ಇರಲಿಲ್ಲ. ಪಾತ್ರೆ ಮುಚ್ಚಿತ್ತು, ಯಂತ್ರ ಚಾಲೂ ಇತ್ತು. ತುಂಬಿಟ್ಟು ಹೋಗಿದ್ದಾಳೆ ಎಂದುಕೊಂಡು ತಿರುವಿದೆ. ಮುಳ್ಳು ಲಕ್ಷಣವಾಗಿ ಏರಿತು, ಇಳಿಯಿತು. ನನ್ನ ಕೈಯಲ್ಲಿ ಅದು ಅಷ್ಟು ಚಂದ ಆಡಿದ್ದೇ ಇಲ್ಲ. ವೇಗ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದುಕೊಂಡೆ. ದ್ರವ ಚೆಲ್ಲೋಣವೆಂದು ಮುಚ್ಚಳ ತೆಗೆದರೆ ಪಾತ್ರೆ ಒಣಗಿತ್ತು. ಬೆರಳು ಹಾಕಿ ನೋಡಿದೆ. ಧೂಳು ಹತ್ತಿತು.

ಅಷ್ಟರಲ್ಲಿ ಹಾಲಮ್ಮ ಸೀಸೆ ಹಿಡಿದು ಬಂದಳು. "ತಡಾ ಆತ್ರಿ ಅಣ್ಣಾ. ಈಗ ಬೆರಸ್ಕಂಡು ಬಂದೆ, ಹಾಕ್ತೀನಿ ತಡೀರಿ." ಚೀಟಿಯನ್ನು ಜೇಬಿಗೆ ತುರುಕಿದೆ. ಅವಳು ತುಂಬಿದಳು, ನಾನು ಮತ್ತೆ ತಿರುವಿದೆ. ಅದೇ ಅಂಕಿ. ಸರ್ ಮುಂದೆ ಲಕೋಟೆ ಒಡೆದೆವು. ಅದರಲ್ಲೂ ಕೊನೆಯ ಸ್ಥಾನದವರೆಗೆ ಅದೇ. ಅವಳ ಅಂಕಿ ಸರಿಯೆಂದು ಸಹಿ ಹಾಕಿದೆ.

ಆಮೇಲೆ ಎಷ್ಟೋ ಸಲ ಖಾಲಿ ಪಾತ್ರೆ ಇಟ್ಟು ತಿರುವಿದ್ದೇನೆ. ಮುಳ್ಳು ಅಲುಗಿಲ್ಲ. ತುಂಬಿಟ್ಟರೂ ನನಗೆ ಸರಿಯಾಗಿ ಬಾಯಿಬಿಡದ ಯಂತ್ರ ಅವಳ ಪರವಾಗಿ ಬರಿಹೊಟ್ಟೆಯಲ್ಲಿ ಸಾಕ್ಷಿ ಹೇಳಿತಲ್ಲ, ಆ ಉರಿ ಇನ್ನೂ ಆರಿಲ್ಲ.

ಈಗಲೂ ಯಾರು ಸಿಕ್ಕರೂ ಹಾಲಮ್ಮ ನನ್ನನ್ನು ತೋರಿಸಿ, "ನನ್ನ ಅಂಕಿ ಖರೇವು ಅಂತ ಮೊದಲು ಹೇಳಿದವ್ರು ಈ ಅಣ್ಣಾರ ನೋಡ್ರಿ" ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ. ಅವತ್ತು ಒಂದಲ್ಲ, ಎರಡು ಸಲ ಅಂಕಿ ತೆಗೆದು ನೋಡಿದೆ ಎಂದು ಅವಳಿಗೆ ಇಂದಿಗೂ ಹೇಳಿಲ್ಲ.